ಬೆಂಬಾನ್ ಹೊಳೆಯ ಅಳತೆಗಂಬ

1924ನೇ ಇಸವಿ ಡಿಸೆಂಬರ್ ಐದನೆಯ ತಾರೀಕು, ಶುಕ್ರವಾರ. ಇನ್‌ಸ್ಪೆಕ್ಟರ್ ಉಸೋಪ್ ಜುಮ್ಮಾ ನಮಾಜಿಗೆ ಹೊರಡಲು ಠಾಣೆಯ ಹಿಂದಿನ ತೊಟ್ಟಿಯಲ್ಲಿ ಕಾಲು ತೊಳೆಯುತ್ತಿದ್ದರು. ಲೋಕೋಪಯೋಗಿ ಇಲಾಖೆಯ ಮುಖ್ಯ ಗುಮಾಸ್ತ ಅಂಬಲವಾಣರ್ ಕೊಡೆ ಮಡಚಿಕೊಂಡು ಒಳಗೆ ಬಂದವರೇ ಅರಗು ಹಾಕಿದ ಲಕೋಟೆಯೊಂದನ್ನು ಮೇಜಿನ ಮೇಲಿಟ್ಟರು. ಜಾಫ್ನಾದಿಂದ ಬಂದು ಮಲಯ್ ನಾಡಿನ ಈ ಕುವಾಲ ಬೆಂಬಾನಿನಲ್ಲೇ ತಲೆ ನರೆಸಿಕೊಂಡ ಮನುಷ್ಯ. ಕೋಟಿನ ಮೇಲಿನ ಗುಂಡಿ ಬಿಚ್ಚಿದ್ದನ್ನು ಯಾರೂ ನೋಡಿದವರಿಲ್ಲ.

"ದೂರು ಕೊಡೋಕೆ ಬಂದೆ. ಇಂಜಿನಿಯರ್ ಪ್ರಿಂಗಲ್ ದೊರೆಯವರ ಸಹಿ ಇದೆ."

ಉಸೋಪ್ ಒದ್ದೆ ಕಾಲಲ್ಲೇ ನಿಂತು ಓದಿದರು. ಸೇತುವೆಯ ಎರಡನೆಯ ಕಾಲಿನ ಪಕ್ಕದ ಸರ್ಕಾರಿ ಅಳತೆಗಂಬವನ್ನು ಯಾರೋ ದುರುದ್ದೇಶದಿಂದ ಎರಡಡಿ ತಗ್ಗಿಸಿದ್ದಾರೆ. ಆದಕಾರಣ ಹೊಳೆಯಲ್ಲಿ ಇಲ್ಲದ ನೀರು ಇದ್ದಂತೆ ಕಂಡು, ಇಲಾಖೆಯು ಮೋಸಹೋಗಿ, ಕೂಲಿ ಲೈನಿನ ನೂರಹನ್ನೆರಡು ಜನರನ್ನು ಗುಡ್ಡದ ಮೇಲಿನ ಅತಿಥಿ ಬಂಗಲೆಗೆ ಸಾಗಿಸಬೇಕಾಯಿತು.

"ಕಳುವಾಗಿದ್ದು ಏನು, ಗುಮಾಸ್ತರೇ?"

"ಎರಡಡಿ."

"ತಮಾಷೆ ಮಾಡ್ತಿದೀರಾ?"

"ಇಪ್ಪತ್ತಾರು ವರ್ಷ ಈ ಇಲಾಖೇಲಿ ಕೆಲಸ ಮಾಡಿದೀನಿ, ಇನ್‌ಸ್ಪೆಕ್ಟರೇ. ತಮಾಷೆ ಮಾಡೋಕೆ ಯಾರೂ ಮಂಜೂರಾತಿ ಕೊಟ್ಟಿಲ್ಲ."

ಮೂಲೆಯಲ್ಲಿ ಕೂತಿದ್ದ ಕಾನ್‌ಸ್ಟೇಬಲ್ ಬಚಿತ್ತರ್ ಸಿಂಗ್ ಗಡ್ಡದೊಳಗೇ ನಕ್ಕ. ಎಫ್‌ಐಆರ್ ದಾಖಲಾಯಿತು. ಸರ್ಕಾರಿ ಸ್ವತ್ತಿಗೆ ಹಾನಿ, ಆರೋಪಿ ಅಪರಿಚಿತ.

ಕುವಾಲ ಬೆಂಬಾನಿನಲ್ಲಿ ಯಾರ ಹುದ್ದೆ ಏನೆಂದು ಕೇಳಬೇಕಾಗಿರಲಿಲ್ಲ, ಅವರ ಮನೆ ಎಷ್ಟು ಎತ್ತರದಲ್ಲಿದೆ ಎಂದು ನೋಡಿದರೆ ಸಾಕಿತ್ತು. ಎಲ್ಲ ಮನೆಗಳನ್ನೂ ಕಟ್ಟಿಸಿದ್ದು ಲೋಕೋಪಯೋಗಿ ಇಲಾಖೆಯೇ. ಗುಡ್ಡದ ನೆತ್ತಿಯಲ್ಲಿ ಬಿಳಿಯರ ಬಂಗಲೆಗಳು, ಕ್ಲಬ್ಬು, ಅತಿಥಿ ಬಂಗಲೆ. ನಡುಗುಡ್ಡದಲ್ಲಿ ಗುಮಾಸ್ತರು, ಇನ್‌ಸ್ಪೆಕ್ಟರು, ಕಾಂಪೌಂಡರು. ಬುಡದಲ್ಲಿ ಕಾನ್‌ಸ್ಟೇಬಲ್ಲುಗಳು. ಅದಕ್ಕೂ ಕೆಳಗೆ, ಹೊಳೆ ಬಾಗುವಲ್ಲಿನ ಮರಳುದಿಬ್ಬದ ಮೇಲೆ, ರಸ್ತೆ ಮಾಡುವ ತಮಿಳರ ಹದಿನಾರು ಕೋಣೆಯ ಲೈನು. ರಸ್ತೆ ಮಾಡುವವರಿಗೆ ರಸ್ತೆಗಿಂತ ತಗ್ಗಿನಲ್ಲಿ ಮನೆ. ಇದನ್ನು ಅನ್ಯಾಯವೆಂದು ಯಾರೂ ಬರೆದಿರಲಿಲ್ಲ. ನಕ್ಷೆಯಲ್ಲಿ ಅದಕ್ಕೆ 'ನಾಲ್ಕನೆಯ ದರ್ಜೆಯ ವಸತಿ' ಎಂಬ ಹೆಸರಿತ್ತು.

ನಾಲ್ಕು ವರ್ಷದ ಹಿಂದೆ ಹೊಳೆ ಆ ಲೈನಿಗೆ ನುಗ್ಗಿ ಏಳು ಜನ ಸತ್ತಿದ್ದರು. ಅಂದು ಕಂಬ ಇಪ್ಪತ್ತಮೂರೂವರೆ ಅಡಿ ತೋರಿಸುತ್ತಿತ್ತು. ಇಲಾಖೆಯ ಸುತ್ತೋಲೆಯ ಪ್ರಕಾರ ನೀರು ಇಪ್ಪತ್ತನಾಲ್ಕು ಮುಟ್ಟಿದರೆ ಮಾತ್ರ ಜನರನ್ನು ಎತ್ತರದ ಸರ್ಕಾರಿ ಕಟ್ಟಡಕ್ಕೆ ಸಾಗಿಸತಕ್ಕದ್ದು. ಇಪ್ಪತ್ತಮೂರೂವರೆಗೆ ಸಾಯಬಹುದು, ಸಾಗಿಸುವಂತಿಲ್ಲ. ಆಮೇಲೆ ಅರ್ಜಿಗಳು ಹೋದವು. ಇಪ್ಪತ್ತನಾಲ್ಕು ಇಪ್ಪತ್ತನಾಲ್ಕಾಗಿಯೇ ಉಳಿಯಿತು.

ಈ ಸಲ ಡಿಸೆಂಬರ್ ಎರಡರಂದು ಕಂಬ ಇಪ್ಪತ್ತನಾಲ್ಕು ತೋರಿಸಿತು. ಸುತ್ತೋಲೆಯ ಪ್ರಕಾರ ಜನ ಗುಡ್ಡ ಹತ್ತಿದರು.

"ಈಗ ಅವರನ್ನ ಇಳಿಸಬೇಕು," ಅಂದರು ಅಂಬಲವಾಣರ್, ಕಿಟಕಿಯಾಚೆ ನೋಡುತ್ತ. "ಹನ್ನೆರಡನೇ ತಾರೀಕು ರೆಸಿಡೆಂಟ್ ದೊರೆ ಬರ್ತಾರೆ. ಅತಿಥಿ ಬಂಗಲೇಲೇ ಇಳ್ಕೋಬೇಕು. ಅಲ್ಲಿ ನೋಡಿದ್ರೆ ಬಿಲಿಯರ್ಡ್ಸ್ ಮೇಜಿನ ಮೇಲೆ ಕೂಸುಗಳು ಮಲಗಿವೆ. ಕಂಬ ಯಾರೋ ಕೆಡಿಸಿದ್ದು ಅಂತ ನಿಮ್ಮ ವರದಿ ಬಂದ್ರೆ ಆ ಇಪ್ಪತ್ತನಾಲ್ಕನ್ನ ಇಂಜಿನಿಯರ್ ರದ್ದು ಮಾಡಬಹುದು."

"ಇಳಿಸಿದ ಮೇಲೆ ನಿಜವಾಗ್ಲೂ ನೀರು ಬಂದ್ರೆ?"

"ದೂರಿನಲ್ಲಿ ಆ ಪ್ರಶ್ನೆ ಇಲ್ಲ, ಇನ್‌ಸ್ಪೆಕ್ಟರೇ."

*

ಆರನೆಯ ತಾರೀಕು ಬೆಳಿಗ್ಗೆ ಒಂಬತ್ತಕ್ಕೆ ಸ್ಥಳ ಪಂಚನಾಮೆ. ಪಂಚರಾಗಿ ಮಸೀದಿಯ ಬಾಂಗು ಕೊಡುವವನೊಬ್ಬ, ಹೈನಾನಿನ ಕಾಫಿ ಅಂಗಡಿಯವನೊಬ್ಬ. ಹೊಳೆ ಮಣ್ಣಿನ ಬಣ್ಣಕ್ಕೆ ತಿರುಗಿ ಸೇತುವೆಯ ಕಾಲುಗಳನ್ನು ಸುತ್ತಿಕೊಂಡು ಹರಿಯುತ್ತಿತ್ತು. ಪ್ರಿಂಗಲ್ ದೊರೆ ಮೂರುಕಾಲಿನ ಮಟ್ಟದ ದುರ್ಬೀನನ್ನು ದಡದಲ್ಲಿ ನಿಲ್ಲಿಸಿದ್ದರು. ಮಲಯ್ ಭಾಷೆಯನ್ನು ಅವರು ಅಡುಗೆಯವನಿಂದ ಕಲಿತದ್ದು, ಎಲ್ಲರೊಡನೆಯೂ ಅಡುಗೆಯವನೊಡನೆ ಆಡಿದಂತೆಯೇ ಆಡುತ್ತಿದ್ದರು.

"ನೋಡು ಇನ್‌ಸ್ಪೆಕ್ಟರ್. ಇಪ್ಪತ್ತನಾಲ್ಕು ಅಂದ್ರೆ ಆ ಅಡ್ಡತೊಲೆ ಒದ್ದೆ ಆಗಬೇಕು. ಅವತ್ತು ತೊಲೆ ಒಣಗಿತ್ತು. ನಾನು ಅಳೆದೆ. ಎರಡಡಿ ಸುಳ್ಳು. ಆಗಸ್ಟಿನಲ್ಲಿ ಸೇತುವೆಗೆ ಬಣ್ಣ ಹೊಡೆದ ಚೀನೀ ಗುತ್ತಿಗೆದಾರ ಮಾಡಿದ್ದು. ಹಿಡಿ, ಒಳಗೆ ಹಾಕು, ಬುಧವಾರದೊಳಗೆ ವರದಿ ಕೊಡು."

"ಅವನಿಗೇನು ಲಾಭ, ದೊರೆ?"

"ಚೀನೀಯರಿಗೆ ಲಾಭ ಎಲ್ಲಿದೆ ಅಂತ ನನ್ನ ಕೇಳಬೇಡ."

ಬಚಿತ್ತರ್ ಸಿಂಗ್ ದೋಣಿಯಲ್ಲಿ ಕಂಬದ ಬಳಿಗೆ ಹೋದ. ನಾಲ್ಕುಮೂಲೆಯ ಚೆಂಗಾಲ್ ಮರದ ಕಂಬ. ಬಿಳಿ ಬಣ್ಣದ ಮೇಲೆ ಕಪ್ಪು ಅಂಕಿ, ತಲೆಗೆ ಮಳೆ ಇಳಿಯದಂತೆ ಕಬ್ಬಿಣದ ಟೊಪ್ಪಿ.

"ಸಾಹೇಬ್ರೇ, ಟೊಪ್ಪಿ ಮೊಳೆ ಹೊಸದು!" ಅಂತ ಅಲ್ಲಿಂದಲೇ ಕೂಗಿದ.

"ಬಿಚ್ಚು."

"ಬಿಚ್ತೀನಿ, ನೀರಿಗೆ ಬಿದ್ರೆ ನನ್ನ ಹಸು ನಿಮ್ಮ ಮನೇಲಿ ಕಟ್ಟಿ. ನನ್ನ ಹೆಂಡತಿ ಅದಕ್ಕೆ ಹುಲ್ಲು ಹಾಕಲ್ಲ."

ಟೊಪ್ಪಿ ಬಂತು. ಅದರಡಿಯಲ್ಲಿ ಕಂಬದ ತಲೆಗೆ ಒತ್ತಾಗಿ ಮಡಿಸಿ, ಹಸಿ ನೂಲಿನಿಂದ ಕಟ್ಟಿದ ಮೂರು ಬಟ್ಟೆಯ ಪಟ್ಟಿಗಳಿದ್ದವು: ಬಿಳಿ, ಕೆಂಪು, ಕಪ್ಪು.

"ಮಾಟನಾ ಸಾಹೇಬ್ರೇ?" ಬಚಿತ್ತರ್ ಸಿಂಗ್ ಅದನ್ನು ಎರಡು ಬೆರಳಲ್ಲಿ ಹಿಡಿದು ದಡಕ್ಕೆ ತಂದ.

"ಚಿಂದಿ," ಅಂದರು ಪ್ರಿಂಗಲ್, ದುರ್ಬೀನು ಮಡಚುತ್ತ.

ಬಾಂಗು ಕೊಡುವವನು ಉಸೋಪರ ಮುಖ ನೋಡಿದ. ಇಬ್ಬರಿಗೂ ಗೊತ್ತಿತ್ತು. ಉಸೋಪರ ತಂದೆಯ ಮನೆಯ ನಡುಗಂಬದ ತಲೆಯಲ್ಲೂ ಇಂಥದೇ ಮೂರು ಬಣ್ಣವಿತ್ತು. ಮಲಯ್ ಬಡಗಿ ಮನೆಯ ಮೊದಲ ಕಂಬ ಎತ್ತುವಾಗ ಬಟ್ಟೆ ಇಡದೆ ಎತ್ತುವುದಿಲ್ಲ. ಬಟ್ಟೆಯಿಲ್ಲದ ಕಂಬ ಅವನಿಗೆ ಬರೀ ಮರ. ಆದರೆ ಇದು ಮನೆಯ ಕಂಬವಲ್ಲ, ನೀರಿನಲ್ಲಿ ನೆಟ್ಟ ಅಂಕಿಯ ಕಂಬ. ಅದೂ ಮೋಸಕ್ಕೆ ನೆಟ್ಟದ್ದು. ಮೋಸ ಮಾಡುವವನು ಕೈಗೆ ಸಿಕ್ಕಷ್ಟು ಬೇಗ ಮಾಡಿ ಓಡುತ್ತಾನೆ. ಇವನು ನಿಂತು ಬಟ್ಟೆ ಮಡಿಸಿ ನೂಲು ಸುತ್ತಿದ್ದ. ಯಾಕೆ?

'ಮೂರು ಬಣ್ಣದ ಬಟ್ಟೆ ತುಂಡುಗಳು' ಎಂದು ಪಂಚನಾಮೆಯಲ್ಲಿ ಬರೆಸಿ ಉಸೋಪ್ ಪಂಚರ ಸಹಿ ಹಾಕಿಸಿದರು. ಅರ್ಥ ಬರೆಸಲಿಲ್ಲ. ಅರ್ಥ ಪಂಚನಾಮೆಗೆ ಸೇರಿದ್ದಲ್ಲ.

ಗುತ್ತಿಗೆದಾರ ಚಿಯಾ ಬೆಂಗ್ ಹೊಕ್ ಅಂದೇ ಮಧ್ಯಾಹ್ನ ಠಾಣೆಗೆ ಬಂದ, ಕರೆಸುವ ಮೊದಲೇ.

"ನಂದೇ ಕೆಲಸ ಅಂತಾರಂತೆ? ಸಾಹೇಬ್ರೇ, ನನ್ನ ಆಳುಗಳು ಬಣ್ಣ ಹೊಡೆಯೋರು. ಹೊಳೇಗೆ ಕಾಲಿಡಿ ಅಂದ್ರೆ ಅಳ್ತಾರೆ. ಸೇತುವೆ ಕಾಲಿಗೆ ಅಟ್ಟಣಿಗೆ ಕಟ್ಟಿ, ಸುತ್ತ ಬಿದಿರಿನ ತಟ್ಟಿ ಮರೆ ಕಟ್ಟಿಕೊಟ್ಟಿದ್ದು ಇಲಾಖೆಯೋರೇ."

"ಇಲಾಖೇಲಿ ಯಾರು?"

"ನಾನು ಬಣ್ಣ ನೋಡ್ತಿದ್ದೆ, ಸಾಹೇಬ್ರೇ. ಮುಖ ನೋಡಲಿಲ್ಲ." ಅವನು ಎದ್ದು ಟೋಪಿ ಇಟ್ಟುಕೊಂಡ. "ಒಂದು ಮಾತು. ಆ ಲೈನಿನ ಹೆಂಗಸರು ನನ್ನ ರಸ್ತೆಗೂ ಕಲ್ಲು ಒಡೀತಾರೆ. ಮುಳುಗಿ ಹೋದ್ರೆ ಯಾರು ಒಡೀತಾರೆ? ಅದನ್ನೂ ಬರ್ಕೊಳ್ಳಿ."

*

ಕಂಬ ಓದುವವನು ಮಾಟ್ ದೊಲಾ. ದಿನಕ್ಕೆರಡು ಸಲ ಹೊಳೆಗಿಳಿದು ಅಂಕಿ ನೋಡಿ ಕಚೇರಿಗೆ ಹೇಳುವುದೇ ಅವನ ನೌಕರಿ. ಎಂಟನೆಯ ತಾರೀಕು ಸೋಮವಾರ ಅವನನ್ನು ಕರೆಸಿದಾಗ ಮಳೆಯಲ್ಲಿ ನೆನೆದು ತೊಪ್ಪೆಯಾಗಿ ಬಂದ. ಕೈಯಲ್ಲಿ ಕೊಡೆಯಿತ್ತು.

"ಲೋ ದೊಲಾ," ಅಂದ ಬಚಿತ್ತರ್ ಸಿಂಗ್, "ಕೊಡೆ ಹಿಡ್ಕೊಂಡು ನೆನೀತೀಯಲ್ಲೋ. ಕೊಡೆ ನೆನೀಬಾರದು ಅಂತಾನಾ?"

ಉಸೋಪ್ ಕೊಡೆ ತೆಗೆದುಕೊಂಡು ಬಿಚ್ಚಿದರು. ಒಂದು ಪಕ್ಕೆಯ ಬಟ್ಟೆ ಪೂರ್ತಿ ಇರಲಿಲ್ಲ. ಹರಿದದ್ದಲ್ಲ, ಕತ್ತರಿಯಲ್ಲಿ ನೆಟ್ಟಗೆ ಕತ್ತರಿಸಿದ್ದು.

"ಇದೇನು?"

"ಗಾಳಿ, ಸಾಹೇಬ್ರೇ."

"ಗಾಳಿ ಕತ್ತರಿ ತಂದಿತ್ತಾ?"

ಮಾಟ್ ದೊಲಾ ನೆಲ ನೋಡಿದ.

"ದಿನಾ ಎರಡು ಸಲ ನೋಡ್ತೀಯ. ಕಂಬ ಎರಡಡಿ ಗಿಡ್ಡ ಆಗಿದ್ದು ಕಾಣಲಿಲ್ವಾ?"

"ನನ್ನ ಕೆಲಸ ಅಂಕಿ ನೋಡೋದು. ಕಂಬ ನೋಡೋದಕ್ಕೆ ನನಗೆ ಸಂಬಳ ಇಲ್ಲ."

"ಯಾರು ಮಾಡಿದ್ದು?"

"ಸಾಹೇಬ್ರೇ, ನಾಲ್ಕು ವರ್ಷದ ಹಿಂದೆ ಆ ಬೆಳಿಗ್ಗೆ ಇಪ್ಪತ್ತಮೂರೂವರೆ ಅಂತ ಓದಿ ಕಚೇರಿಗೆ ಹೇಳಿದೋನು ನಾನು. ಸರಿಯಾಗೇ ಓದಿದ್ದೆ. ಆಮೇಲೆ ಹೆಣ ಎತ್ತೋಕೂ ನಾನೇ ಹೋದೆ." ಅವನು ಕೊಡೆಗೆ ಕೈ ಚಾಚಿದ. "ಕೊಡಿ, ಸಾಯಂಕಾಲದ ಓದು ಇದೆ."

ಉಸೋಪ್ ಕೊಡೆ ಕೊಟ್ಟರು. ಕೊಟ್ಟಮೇಲೆ, ಮುದ್ದೆಮಾಲು ಕೈಯಿಂದ ಹೋಯಿತಲ್ಲ ಎಂದು ಬಚಿತ್ತರ್ ಸಿಂಗ್ ಅವರ ಮುಖವನ್ನೇ ನೋಡಿದ.

ಅಂದು ಸಂಜೆ ಇಬ್ಬರೂ ಗುಡ್ಡ ಹತ್ತಿದರು. ಅತಿಥಿ ಬಂಗಲೆಯ ಜಗಲಿ ತುಂಬ ಒದ್ದೆ ಸೀರೆಗಳು. ಒಳಗಿನಿಂದ ಹುಣಸೆ, ಒಣಮೀನಿನ ಘಾಟು. ದೊರೆಗಳ ಉದ್ದ ಕುರ್ಚಿಯಲ್ಲಿ ಅಜ್ಜಿಯೊಬ್ಬಳು ಕಾಲು ಚಾಚಿ ಎಲೆಯಡಿಕೆ ಜಗಿಯುತ್ತಿದ್ದಳು. ಪೊಲೀಸರನ್ನು ಕಂಡು ಕಾಲು ಮಡಚಲು ಹೋಗಿ, ಮತ್ತೆ ಚಾಚಿದಳು.

ಕೆಂಪು ಬಟ್ಟೆ ದಪ್ಪ ನೂಲಿನದು. ರಸ್ತೆ ರಿಪೇರಿಯಾಗುವಲ್ಲಿ ಬಂಡಿ ನಿಲ್ಲಿಸಲು ಇಲಾಖೆ ಕೊಡುವ ಬಾವುಟದ ಬಟ್ಟೆ ಎಂದು ಬಚಿತ್ತರ್ ಸಿಂಗ್ ದಾರಿಯಲ್ಲೇ ಗುರುತಿಸಿದ್ದ. ಆ ಬಾವುಟ ಹಿಡಿಯುವವಳು ಪೆಚ್ಚಾಯಿ. ನಡುವಯಸ್ಸಿನ ಹೆಂಗಸು, ಕಲ್ಲು ಒಡೆಯುವಾಗ ಚೂರು ಸಿಡಿದು ಒಂದು ಕಣ್ಣು ಹೋಗಿತ್ತು. ಅದಾದ ಮೇಲೆ ಇಲಾಖೆ ಅವಳಿಗೆ ಬಾವುಟ ಕೊಟ್ಟಿತ್ತು.

"ಬಾವುಟ ತೋರಿಸಮ್ಮ."

ತಂದಳು. ಒಂದು ಗೇಣು ಮೋಟು.

"ಮಿಕ್ಕಿದ್ದು ಎಲ್ಲಿ?"

"ಇಲಿ ತಿಂತು."

"ಇಲಿ ಬರೀ ಒಂದು ಗೇಣು ಅಳೆದು ತಿಂತಾ?"

"ಸರ್ಕಾರಿ ಇಲಿ ಸಾಮಿ. ಅಳತೆ ಮೀರಲ್ಲ."

ಜಗಲಿಯಲ್ಲಿ ನಗು ಹರಡಿತು. ಉದ್ದ ಕುರ್ಚಿಯ ಅಜ್ಜಿ ಕೆಮ್ಮಿ ಕೆಮ್ಮಿ ನಕ್ಕಳು. ಪೆಚ್ಚಾಯಿ ಮಾತ್ರ ನಗಲಿಲ್ಲ.

"ನಮ್ಮನ್ನ ಕೆಳಗೆ ಕಳಿಸೋಕೆ ಬಂದಿದೀರಾ?"

"ವಿಚಾರಣೆಗೆ ಬಂದಿದೀನಿ."

"ಎರಡೂ ಒಂದೇ ಅಂತ ನಮ್ಮ ಮೇಸ್ತ್ರಿ ಮಂಡೋರ್ ಹೇಳಿದ. ನೀವು ಬರೆದು ಕೊಟ್ರೆ ದೊರೆ ನಮ್ಮನ್ನ ಇಳಿಸ್ತಾರಂತೆ." ಅವಳು ತಗ್ಗಿನ ಲೈನಿನ ಕಡೆ ಕೈ ತೋರಿಸಿದಳು. "ಹನ್ನೊಂದನೇ ಕೋಣೆ ನಂದು. ಅವತ್ತು ನಾನು ರಸ್ತೇಲಿ ಕೆಲಸಕ್ಕಿದ್ದೆ. ಮಗಳು ಜ್ವರ ಅಂತ ಒಳಗೆ ಮಲಗಿದ್ದಳು. ಬಾಗಿಲಿಗೆ ಹೊರಗಿಂದ ಕೊಂಡಿ ಹಾಕಿ ಬಂದಿದ್ದೆ, ನಾಯಿ ನುಗ್ಗಬಾರದು ಅಂತ. ಬರ್ಕೊಳ್ಳಿ ಸಾಮಿ. ಅದನ್ನೂ ಬರ್ಕೊಳ್ಳಿ."

ಉಸೋಪರ ಪೆನ್ಸಿಲು ಕಾಗದದ ಮೇಲೆ ನಿಂತಿತು. ಬರೆಯಲಿಲ್ಲ.

ಗುಡ್ಡ ಇಳಿಯುವಾಗ ಬಚಿತ್ತರ್ ಸಿಂಗ್ ಬೆರಳು ಮಡಚಿ ಎಣಿಸಿದ.

"ಸಾಹೇಬ್ರೇ, ಕಪ್ಪು, ಕಂಬ ಓದೋನ ಕೊಡೆ. ಕೆಂಪು, ರಸ್ತೆಯೋರ ಬಾವುಟ. ಬಿಳಿ?"

"ನನಗೆ ನಿನ್ನೆಯಿಂದ ಗೊತ್ತು."

ಬಿಳಿ ಬಟ್ಟೆ ತೀರ ನವಿರಾಗಿತ್ತು. ಬೆಳಕಿಗೆ ಹಿಡಿದರೆ ಅದರ ಮೈಮೇಲೆ ತೆಳುವಾದ ಗೆರೆಯೊಂದು ಕಾಣುತ್ತಿತ್ತು. ಇಂಜಿನಿಯರರು ನಕ್ಷೆ ಬರೆಯುವ ಬಟ್ಟೆ ಅದು. ಬಿಸಿನೀರಿನಲ್ಲಿ ನೆನೆಸಿ ಗಂಜಿ ತೆಗೆದರೆ ರೇಷ್ಮೆಯಂತಾಗುತ್ತದೆ. ಕಚೇರಿಯ ಗುಮಾಸ್ತರ ಮಕ್ಕಳೆಲ್ಲ ಅದರ ಅಂಗಿ ಹಾಕಿಕೊಂಡೇ ಬೆಳೆದವರು. ಉಸೋಪರ ಪಕ್ಕದ ಮನೆಯ ಮಗುವಿನ ಬೆನ್ನ ಮೇಲೆ ಒಂದು ಮೋರಿಯ ನಕ್ಷೆ ಇನ್ನೂ ಮಾಸಿರಲಿಲ್ಲ. ಹಳೆಯ ನಕ್ಷೆಗಳ ಬೀರುವಿನ ಬೀಗದಕೈ ಇದ್ದದ್ದು ಒಬ್ಬರ ಹತ್ತಿರ ಮಾತ್ರ.

ಒಂಬತ್ತನೆಯ ತಾರೀಕು ಬೆಳಿಗ್ಗೆ ಅವರು ಅಂಬಲವಾಣರ ಮೇಜಿನ ಮೇಲೆ ಆ ತುಂಡನ್ನು ಇಟ್ಟರು.

"ಇದು ನಿಮ್ಮ ಬೀರುವಿನದಲ್ವಾ?"

ಗುಮಾಸ್ತರು ಕನ್ನಡಕ ಒರೆಸಿಕೊಂಡರು. ಒರೆಸಿದ ಬಟ್ಟೆಯೂ ಅದೇ.

"ಇರಬಹುದು. ಬೇಡದ ನಕ್ಷೆಗಳನ್ನ ಹರಿದು ಕೊಡ್ತೀವಿ. ಒರೆಸೋಕೆ, ಕಟ್ಟೋಕೆ."

"ಯಾವ ನಕ್ಷೆ ಇದು?"

"ಕೂಲಿ ಲೈನನ್ನ ಗುಡ್ಡದ ನಡುವಿಗೆ ತರೋ ನಕ್ಷೆ. ಹದಿನೇಳನೇ ಇಸವೀಲೇ ತಯಾರಾಗಿತ್ತು. ಆ ಜಾಗ ಟೆನಿಸ್ ಅಂಗಳಕ್ಕೆ ಹೋಯ್ತು. ಬೇಡದ ನಕ್ಷೆ."

"ಯಾರಿಗೆ ಕೊಟ್ರಿ?"

"ನೆನಪಿಲ್ಲ." ಅಂಬಲವಾಣರು ಕೋಟಿನ ಮೇಲಿನ ಗುಂಡಿ ಮುಟ್ಟಿ ನೋಡಿಕೊಂಡರು. "ಇನ್‌ಸ್ಪೆಕ್ಟರೇ, ಇನ್ನೆರಡು ವರ್ಷಕ್ಕೆ ನನಗೆ ಪಿಂಚಣಿ. ನನಗೆ ನೆನಪಿಲ್ಲದೆ ಇರೋದೇ ವಾಸಿ."

"ದೂರು ಬರೆದೋರು ನೀವೇ ಅಲ್ವಾ?"

"ದೊರೆ ಹೇಳಿದ್ರು, ಬರೆದೆ. ಅದು ನೌಕರಿ. ಹಾಗಂತ ಹೊಳೆ ಕಡೆ ಕಿಟಕಿ ಮುಚ್ಚಿಕೊಂಡು ಕೂತಿಲ್ಲ."

ಉಸೋಪ್ ಹೊರಬಂದು ಮೆಟ್ಟಿಲ ಮೇಲೆ ನಿಂತರು. ಇಲಾಖೆಯನ್ನು ಯಾರು ನಡೆಸುತ್ತಾರೆಂದು ಇಷ್ಟು ವರ್ಷ ಅವರು ಕೇಳಿಕೊಂಡಿರಲಿಲ್ಲ. ಸಹಿ ಹಾಕುವ ಬಿಳಿಯ ಮೂರು ವರ್ಷಕ್ಕೊಮ್ಮೆ ಬದಲಾಗುತ್ತಾನೆ, ರಜೆಗೆ ಹಡಗು ಹತ್ತುತ್ತಾನೆ. ರಸ್ತೆ, ಸೇತುವೆ, ಮೋರಿಗಳು ಹಾಗೇ ನಡೆಯುತ್ತವೆ. ನಡೆಸುವವರು ಓದುವವನು, ಬಾವುಟ ಹಿಡಿಯುವವಳು, ಬರೆಯುವವರು. ಒಂದು ಭಾಷೆಯಿಲ್ಲ, ಒಂದು ದೇವರಿಲ್ಲ, ಒಟ್ಟಿಗೆ ಕೂತು ಒಂದು ಲೋಟ ಕಾಫಿ ಕುಡಿದವರಲ್ಲ. ಅವರೆಲ್ಲರ ಮೈಯಿಂದ ಒಂದೊಂದು ಗೇಣು ಕತ್ತರಿಸಿ ಯಾರೋ ಒಂದು ಕಂಬದ ತಲೆಗೆ ಕಟ್ಟಿದ್ದ. ಎಲ್ಲರನ್ನೂ ಬಂಧಿಸಿದರೆ ನಾಳೆ ಇಲಾಖೆಯಲ್ಲಿ ಪ್ರಿಂಗಲ್ ಒಬ್ಬರೇ ಉಳಿಯುತ್ತಾರೆ.

*

ಆಗಸ್ಟಿನಲ್ಲಿ ಸೇತುವೆ ಕಾಲಿಗೆ ಅಟ್ಟಣಿಗೆ ಕಟ್ಟಿದವನು ಯಾರೆಂದು ಉಗ್ರಾಣದವನನ್ನು ಕೇಳಿದ್ದಕ್ಕೆ ತಡವಿಲ್ಲದೆ ಉತ್ತರ ಬಂತು. ಇಲಾಖೆಯಲ್ಲಿ ಬಡಗಿ ಇದ್ದದ್ದು ಒಬ್ಬನೇ, ಜೆನಾಲ್.

ಹತ್ತನೆಯ ತಾರೀಕು ಬುಧವಾರ, ಮಧ್ಯಾಹ್ನ ಮೂರು. ಜೆನಾಲನ ಮನೆ ಹೊಳೆಯಾಚೆ, ತೆಂಗಿನ ಮರಗಳ ನಡುವೆ. ಅವನು ಮೆಟ್ಟಿಲ ಬುಡದಲ್ಲಿ ಕೂತು ಉಳಿ ಮಸೆಯುತ್ತಿದ್ದ. ತೆಳ್ಳನೆಯ ಮುದುಕ, ಬಾಯಲ್ಲಿ ಎಲೆಬೀಡಿ. ಪೊಲೀಸರನ್ನು ಕಂಡು ಏಳಲಿಲ್ಲ, ಉಳಿ ಮಾತ್ರ ಪಕ್ಕಕ್ಕಿಟ್ಟ.

"ಬನ್ನಿ ಸಾಹೇಬ್ರೇ. ಕಾಫಿ ಕುಡೀತೀರಾ? ಸರ್ದಾರ್ಜಿ, ನಿನ್ನ ಹಸುವಿನ ಹಾಲು ಹಾಕಿಲ್ಲ, ಭಯ ಬೇಡ. ಡಬ್ಬಿ ಹಾಲು."

"ಕೆಲಸದ ಮೇಲೆ ಬಂದಿದೀವಿ, ಜೆನಾಲ್ ಮಾಮ."

"ಗೊತ್ತು. ನಿಂತು ಮಾಡೋ ಕೆಲಸ ಅಲ್ಲವಲ್ಲ. ಕೂತ್ಕೊಳ್ಳಿ."

ಮನೆಯಡಿಯಿಂದ ಒಂದು ಮರದ ದಿಮ್ಮಿಯನ್ನು ತಾನೇ ಉರುಳಿಸಿ ತಂದು ನಿಲ್ಲಿಸಿದ. ಉಸೋಪ್ ಕೂತರು. ಕೂತ ಮೇಲೆ ಕೈಗೆ ಅಂಟಂಟಾಗಿ ಏನೋ ತಗುಲಿತು. ಡಾಂಬರು. ಎದ್ದು ನೋಡಿದರು. ನಾಲ್ಕುಮೂಲೆಯ ಚೆಂಗಾಲ್, ಬುಡಕ್ಕೆ ಡಾಂಬರು ಬಳಿದದ್ದು, ಮೇಲ್ಭಾಗ ಗರಗಸದಲ್ಲಿ ನೀಟಾಗಿ ಕೊಯ್ದದ್ದು. ಬಚಿತ್ತರ್ ಸಿಂಗ್ ಟೇಪು ಹಿಡಿದ. ಎರಡಡಿ.

"ಮಾಮ, ಇದನ್ನ ಹೊಳೆಗೆ ಬಿಟ್ಟಿದ್ರೆ ಯಾರಿಗೂ ಸಿಗ್ತಿರಲಿಲ್ಲ."

"ಚೆಂಗಾಲ್ ಮರ ತೇಲಲ್ಲ, ಹಾಕಿದಲ್ಲೇ ಬಿದ್ದಿರತ್ತೆ. ಅಲ್ಲದೆ, ನೀವು ಬರಿಗೈಲಿ ಹೋದ್ರೆ ಬೇರೆಯೋರ ಮನೆಗೆ ಹೋಗ್ತೀರ." ಜೆನಾಲ್ ಬೀಡಿಯ ಬೂದಿ ಕೊಡವಿದ. "ಅಟ್ಟಣಿಗೆ ಒಳಗೆ, ತಟ್ಟಿಯ ಮರೇಲಿ, ನೀರು ಮೊಣಕಾಲಿನಷ್ಟು ಇದ್ದಾಗ ಕಿತ್ತೆ. ಬುಡ ಕೊಯ್ದೆ. ಅದೇ ಗುಂಡಿಗೆ ನೆಟ್ಟೆ. ನಾನೊಬ್ಬನೇ."

"ಆ ಕಂಬ ಒಬ್ಬನೇ ಎತ್ತೋಕಾಗತ್ತಾ?"

"ನಾನೊಬ್ಬನೇ."

"ಬಟ್ಟೆ?"

"ಕದ್ದೆ. ಕೊಡೆ, ಬಾವುಟ, ನಕ್ಷೆ, ಎಲ್ಲಾ ಕದ್ದೆ. ಬರ್ಕೊಳ್ಳಿ."

ಬಚಿತ್ತರ್ ಸಿಂಗ್ ಉಸೋಪರತ್ತ ನೋಡಿದ. ಉಸೋಪ್ ಬರೆದುಕೊಂಡರು: ಬಟ್ಟೆ ತುಂಡುಗಳನ್ನು ತಾನೇ ಕದ್ದುದಾಗಿ ಆರೋಪಿಯ ಹೇಳಿಕೆ. ಅದರ ಕೆಳಗೆ ಗೆರೆ ಎಳೆದರು.

ಜೆನಾಲ್ ಒಳಗೆ ಹೋಗಿ ಮಲಯ್ ಬಾಜು ಅಂಗಿ ಹಾಕಿಕೊಂಡು, ತಲೆಗೆ ಟೋಪಿ ಇಟ್ಟು ಬಂದ. ಹೆಂಡತಿ ಬಾಗಿಲಲ್ಲಿ ನಿಂತಿದ್ದಳು.

"ಉಳಿ ಒಳಗಿಡು, ತುಕ್ಕು ಹಿಡಿಯತ್ತೆ," ಅಂದ ಅವಳಿಗೆ. ದಸ್ತಗಿರಿ ಮೂರೂವರೆಗೆ ದಾಖಲಾಯಿತು. ಕೋಳ ಹಾಕಲಿಲ್ಲ.

*

ಅಂದು ಸಂಜೆ ಉಸೋಪ್ ಮಾಡಿದ ಕೆಲಸ ಕಾನೂನಿನ ಪುಸ್ತಕದಲ್ಲೇ ಇತ್ತು. ಅಪರಾಧಕ್ಕೊಳಗಾದ ವಸ್ತುವನ್ನು ನ್ಯಾಯಾಲಯ ನೋಡುವವರೆಗೆ ಇದ್ದಲ್ಲೇ, ಇದ್ದಂತೆಯೇ ಕಾಪಾಡತಕ್ಕದ್ದು. ಅವರು ಬಚಿತ್ತರ್ ಸಿಂಗನನ್ನು ದೋಣಿಯಲ್ಲಿ ಕಳಿಸಿ ಅಳತೆಗಂಬಕ್ಕೆ ತಲೆಯಿಂದ ನೀರಿನವರೆಗೆ ಗೋಣಿ ಸುತ್ತಿಸಿ, ಹಗ್ಗ ಬಿಗಿಸಿ, ಅರಗಿನ ಮೊಹರು ಹಾಕಿಸಿದರು. ನಡೆದದ್ದನ್ನೆಲ್ಲ ಬರೆದು ವರದಿಯನ್ನು ಇಂಜಿನಿಯರ್ ಕಚೇರಿಗೆ ತಾವೇ ಒಯ್ದರು. ವರದಿಯಲ್ಲಿ ಒಂದಕ್ಷರ ಸುಳ್ಳಿರಲಿಲ್ಲ.

ಪ್ರಿಂಗಲ್ ಓದಿ ತಲೆಯಾಡಿಸಿದರು. "ಒಳ್ಳೇದು. ಇಪ್ಪತ್ತನಾಲ್ಕು ರದ್ದು. ಅಂಬಲವಾಣರ್, ಕೂಲಿಗಳು ನಾಳೆ ಬೆಳಿಗ್ಗೆ ಇಳೀಬೇಕು. ಆದೇಶ ಬರಿ."

ಗುಮಾಸ್ತರು ಕೆಮ್ಮಿದರು. "ರದ್ದು ಮಾಡಬಹುದು, ದೊರೆ. ಇಳಿಸೋದಕ್ಕೆ ಸುತ್ತೋಲೇಲಿ ಬೇರೆ ವಾಕ್ಯ ಇದೆ. ಒಮ್ಮೆ ಹತ್ತಿಸಿದ ಮೇಲೆ, ಕಂಬ ಮೂರು ದಿನ ಸತತವಾಗಿ ಇಪ್ಪತ್ತಕ್ಕಿಂತ ಕಮ್ಮಿ ತೋರಿಸಿದ್ರೆ ಮಾತ್ರ ಇಳಿಸತಕ್ಕದ್ದು."

"ಹಾಗಾದ್ರೆ ಓದಿಸು!"

"ಮಾಟ್ ದೊಲಾ ಈಗ ತಾನೇ ಹೋಗಿ ಬಂದ. ಗೋಣಿ ಕಾಣತ್ತಂತೆ. ಅಂಕಿ ಕಾಣಲ್ವಂತೆ."

ಪ್ರಿಂಗಲ್ ಉಸೋಪರತ್ತ ತಿರುಗಿದರು. ಮುಖ ಕೆಂಪಾಗಿತ್ತು. "ಗೋಣಿ ತೆಗೆಸು."

"ಅದು ನ್ಯಾಯಾಲಯದ ಸ್ವತ್ತು, ದೊರೆ. ಮ್ಯಾಜಿಸ್ಟ್ರೇಟರು ಪ್ರವಾಸದಲ್ಲಿದ್ದಾರೆ. ಇಪ್ಪತ್ತೆರಡಕ್ಕೆ ಬರ್ತಾರೆ."

"ಹೊಸ ಕಂಬ ನೆಡಿಸ್ತೀನಿ."

"ಕೇಂದ್ರ ಕಚೇರಿಯ ಮಂಜೂರಾತಿ ಬೇಕು," ಅಂದರು ಅಂಬಲವಾಣರ್. "ಹೋದ ಸಲ ಹನ್ನೊಂದು ತಿಂಗಳಾಗಿತ್ತು. ಅಲ್ಲದೆ, ನಮ್ಮ ಬಡಗಿ ಲಾಕಪ್ಪಿನಲ್ಲಿದ್ದಾನೆ."

ಚಾವಣಿಯ ಪಂಖದ ಹಗ್ಗ ಕಿರುಗುಟ್ಟುತ್ತಿತ್ತು. ಉಸೋಪ್ ಗುಮಾಸ್ತರ ಕಡೆ ನೋಡಲಿಲ್ಲ, ಗುಮಾಸ್ತರೂ ಉಸೋಪರ ಕಡೆ ನೋಡಲಿಲ್ಲ. ಇಬ್ಬರೂ ಮೊದಲೇ ಮಾತಾಡಿಕೊಂಡಿರಲಿಲ್ಲ. ಇಪ್ಪತ್ತನಾಲ್ಕು ಇಪ್ಪತ್ತನಾಲ್ಕೇ ಎಂದು ನಾಲ್ಕು ವರ್ಷ ಹೇಳಿಸಿಕೊಂಡವರಿಗೆ, ಇಪ್ಪತ್ತು ಇಪ್ಪತ್ತೇ ಎಂದು ಒಮ್ಮೆ ಹೇಳಲು ಮಾತುಕತೆ ಬೇಕಿರಲಿಲ್ಲ.

ಹನ್ನೆರಡರಂದು ರೆಸಿಡೆಂಟ್ ದೊರೆ ಪ್ರಿಂಗಲ್ಲರ ಬಂಗಲೆಯಲ್ಲಿ ಇಳಿದುಕೊಂಡರು. ಪ್ರಿಂಗಲ್ ಕ್ಲಬ್ಬಿನ ಬೆಂಚಿನ ಮೇಲೆ ಮಲಗಿದರು.

ಹದಿನೆಂಟನೆಯ ತಾರೀಕು ಗುರುವಾರ ನಸುಕಿನಲ್ಲಿ ಹೊಳೆ ಏರಿತು. ಲೈನಿನ ಹದಿನಾರು ಕೋಣೆಗಳಲ್ಲಿ ಹನ್ನೊಂದು ಹೋದವು. ಬಾಗಿಲು, ಒಲೆ, ಹಾಸಿಗೆ ಸಮೇತ ಸಮುದ್ರದ ಕಡೆ ಹೋದವು. ಜನರಲ್ಲಿ ಯಾರೂ ಹೋಗಲಿಲ್ಲ. ನೀರು ಎಷ್ಟಡಿ ಏರಿತೆಂದು ದಾಖಲೆಯಿಲ್ಲ, ಮೊಹರಿನ ಸಮೇತ ಗೋಣಿ ಮುಳುಗಿತ್ತು.

ಅದರಿಂದ ಮೊಕದ್ದಮೆಗೇನೂ ಆಗಲಿಲ್ಲ. ಸರ್ಕಾರಿ ಕಂಬ ಕೊಯ್ದದ್ದು ಅಪರಾಧ, ಹೊಳೆ ಬಂದರೂ ಅಪರಾಧ, ಬರದಿದ್ದರೂ ಅಪರಾಧ. ಇಪ್ಪತ್ತೆರಡರಂದು ಜೆನಾಲನಿಗೆ ಎರಡು ತಿಂಗಳ ಕಠಿಣ ಸಜೆಯಾಯಿತು, ನೌಕರಿಯೂ ಹೋಯಿತು. ಲೈನನ್ನು ಅಲ್ಲಿ ಯಾಕೆ ಕಟ್ಟಿದ್ದರೆಂದು ನ್ಯಾಯಾಲಯದಲ್ಲಿ ಯಾರೂ ಯಾರನ್ನೂ ಕೇಳಲಿಲ್ಲ.

ಅದರ ಹಿಂದಿನ ದಿನ, ದೋಷಾರೋಪ ಪಟ್ಟಿ ಬರೆಯುವ ಮುನ್ನ, ಉಸೋಪ್ ಲಾಕಪ್ಪಿನ ಸರಳಿನ ಹತ್ತಿರ ಸ್ಟೂಲು ಎಳೆದುಕೊಂಡು ಕೂತಿದ್ದರು. ಒಳಗೆ ಜೆನಾಲ್, ಬಚಿತ್ತರ್ ಸಿಂಗನ ಹೆಂಡತಿ ಕಳಿಸಿದ ರೊಟ್ಟಿಯನ್ನು ಸಣ್ಣಗೆ ಮುರಿದು ತಿನ್ನುತ್ತಿದ್ದ.

"ಇದು ಬರೆಯೋಕಲ್ಲ ಮಾಮ, ನನಗೆ ತಿಳೀಬೇಕು. ಆ ಬಟ್ಟೆ ಇಲ್ದೆ ಇದ್ದಿದ್ರೆ ನಾನು ಚೀನೀಯನನ್ನೋ ಇನ್ಯಾರನ್ನೋ ಕೇಳ್ತಾ ಕೂತಿರ್ತಿದ್ದೆ. ಯಾಕೆ ಇಟ್ಟೆ?"

ಜೆನಾಲ್ ತುತ್ತು ನುಂಗಿದ.

"ಆ ಲೈನು ಕಟ್ಟಿದೋನು ನಾನೇ. ಹದಿನಾರು ಕೋಣೆ. ಮೊದಲ ಕಂಬ ಎತ್ತೋವಾಗ ಬಟ್ಟೆ ಇಡ್ತೀನಿ ಅಂದೆ. ಆಗಿನ ದೊರೆ ನಕ್ಕ, ಕೂಲಿ ಲೈನಿಗೆ ಅದೆಲ್ಲ ಯಾಕೆ, ಬೇಗ ಮುಗಿಸು ಅಂದ. ಮುಗಿಸಿದೆ. ನನಗೂ ಅನ್ನಿಸಲಿಲ್ಲ ಸಾಹೇಬ್ರೇ, ತಮಿಳರ ಮನೆ ತಾನೇ ಅಂತ ನಾನೂ ಬಿಟ್ಟೆ. ಬಟ್ಟೆ ಇಡೋದು ಅಂದ್ರೆ ಏನು? ಇದರ ಕೆಳಗೆ ಮಲಗೋರಿಗೆ ನಾನು ಹೊಣೆ ಅಂತ ಬಡಗಿ ಮಾತು ಕೊಡೋದು. ಕೊಡಲಿಲ್ಲ. ಏಳು ಜನ ಹೋದ್ರು."

"ಹೊಳೆ ಬರೋದಕ್ಕೂ ಬಟ್ಟೆಗೂ ಏನು ಸಂಬಂಧ?"

"ಹೊಳೆಗೆ ಏನೂ ಇಲ್ಲ. ನನಗಿದೆ." ಅವನು ರೊಟ್ಟಿಯ ಕೊನೆಯ ಚೂರನ್ನು ಬಾಯಿಗಿಟ್ಟುಕೊಂಡ. "ಬಟ್ಟೆ ಇಲ್ದೆ ನೆಟ್ಟಿದ್ರೆ ಅದು ಬರೀ ಸುಳ್ಳುಗಂಬ ಆಗ್ತಿತ್ತು."

ಉಸೋಪ್ ಮೇಜಿಗೆ ಹಿಂದಿರುಗಿ ದೋಷಾರೋಪ ಪಟ್ಟಿ ಬರೆದರು. ಹೆಸರು, ವಯಸ್ಸು, ಕಲಂ, ಮುದ್ದೆಮಾಲು, ಎಲ್ಲ ಬೇಗ ಬೇಗ ಮುಗಿಯಿತು. 'ಪ್ರೇರಣೆ' ಎಂಬಲ್ಲಿ ಬಹಳ ಹೊತ್ತು ಪೆನ್ನು ಹಿಡಿದು ಕೂತರು. ಬಚಿತ್ತರ್ ಸಿಂಗ್ ಎರಡು ಸಲ ಬಂದು ಇಣುಕಿ ಹೋದ. ಕೊನೆಗೆ ಉಸೋಪ್ ಅಲ್ಲಿ ಎರಡೇ ಪದ ಬರೆದು ಮಸಿ ಒತ್ತಿದರು:

ಆರೋಪಿಯು ಬಡಗಿ.